'ಬ್ಲ್ಯಾಕ್' ಎಂಬ ಗುಣವಾಚಕವೂ ಬ್ಲ್ಯಾಕ್‌ಪಳ್ಳಿ ಎಂಬ ಹೆಸರೂ

೧

ಬೆಂಗಳೂರಿನ ದಂಡುಪ್ರದೇಶದಲ್ಲಿ ಈಗ ಶಿವಾಜಿನಗರವೆಂದು ಪ್ರಸಿದ್ಧವಾಗಿರುವ ಭಾಗಕ್ಕೆ ಹಿಂದೆ ಬ್ಲ್ಯಾಕ್‌ಪಳ್ಳಿ ಎಂಬ ಹೆಸರು ಸಲ್ಲುತ್ತಿದ್ದಿತು. ರಸೆಲ್ ಮಾರುಕಟ್ಟೆಯೂ, ಪ್ರತಿವರ್ಷ ಸೆಪ್ಟೆಂಬರ್ ೮ರಂದು ದೊಡ್ಡ ಉತ್ಸವ ನಡೆಯುವ ಸಂತ ಮೇರಿಯ ಬೆಸಿಲಿಕಾ ಚರ್ಚೂ ಈ ಭಾಗದಲ್ಲಿಯೇ ಇವೆ. ಹಳೆಯ ಹೆಸರು ಕಾಗದಪತ್ರಗಳಿಂದ ಮರೆಯಾದರೂ ಅದರ ಅರ್ಥವೇನೆಂಬ ಚರ್ಚೆ ಮಾತ್ರ ಮರೆಯಾಗಿಲ್ಲ. ಊರಿನ ಚರಿತ್ರೆಯಲ್ಲಿ ಆಸಕ್ತರಾದವರು ಇದಕ್ಕೆ ಎರಡು ಬಗೆಯ ಸಮಾಧಾನಗಳನ್ನು ಹೇಳುತ್ತಾರೆ. ಮೊದಲನೆಯದರಂತೆ, ಇದರ ಪೂರ್ವಪದವು ಕಪ್ಪು ಎಂಬರ್ಥದ ಇಂಗ್ಲಿಷ್ ಗುಣವಾಚಕ. ಈ ದೇಶದ ಜನರು ವಾಸಮಾಡುತ್ತಿದ್ದ ಪಾಳ್ಯವನ್ನು ಆಂಗ್ಲರು ಹೀಗೆ ಹೀನಾಯವಾಗಿ ಕರೆದರು. ಎರಡನೆಯದರಂತೆ, ಇದು 'ಬಿಳಿ ಅಕ್ಕಿ ಹಳ್ಳಿ' ಅಥವಾ 'ಬಿಳಿ ಹಕ್ಕಿ ಹಳ್ಳಿ' ಎಂಬ ಕನ್ನಡದ ಹೆಸರು ಕೆಟ್ಟು ಆದ ರೂಪ. ಒಂದು ಪಕ್ಷದಲ್ಲಿ ಊರು ಕಪ್ಪು, ಇನ್ನೊಂದರಲ್ಲಿ ಬಿಳಿ. ಒಂದೇ ಹೆಸರಿಗೆ ಇಷ್ಟು ವಿರುದ್ಧವಾದ ಎರಡು ಅರ್ಥಗಳನ್ನು ಹೇಳುತ್ತ, ಎರಡನ್ನೂ ಒಂದೇ ಉಸಿರಿನಲ್ಲಿ ನಂಬಿಕೊಂಡಿರುವುದು ವಿಚಾರಪರರಿಗೆ ಒಪ್ಪತಕ್ಕುದಲ್ಲ.

ಇದು ಕೇವಲ ಕುತೂಹಲದ ಮಾತೂ ಅಲ್ಲ. ಮೊದಲನೆಯ ಪಕ್ಷವು ನಿಜವಾದರೆ ಹೆಸರು ಹೋದುದರಿಂದ ಒಂದು ಬೈಗುಳ ಹೋಯಿತು, ಅದಕ್ಕಾಗಿ ಯಾರೂ ಮರುಗಬೇಕಾದುದಿಲ್ಲ. ಎರಡನೆಯದು ನಿಜವಾದರೆ ಪರಭಾಷೆಯ ವೇಷ ತೊಟ್ಟಿದ್ದ ನಮ್ಮದೇ ಮಾತೊಂದನ್ನು ವೇಷದೊಡನೆ ಹೂಳಿಬಿಟ್ಟಂತಾಯಿತು. ಆದುದರಿಂದ ಆ ಇಂಗ್ಲಿಷ್ ಗುಣವಾಚಕದ ಅರ್ಥ, ರಚನೆ, ಪ್ರಯೋಗಗಳನ್ನು ಮೊದಲು ನೋಡಿ, ಅನಂತರ ಅದು ಈ ಹೆಸರಿನಲ್ಲಿ ನಿಲ್ಲಬಲ್ಲುದೇ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಸಾಕ್ಷ್ಯವಾಗಿ ಬಳಸಿಕೊಂಡಿರುವುದು ಮುಖ್ಯವಾಗಿ ಪದರಚನೆಯ ಮತ್ತು ಧ್ವನಿಗಳ ಕ್ರಮ.

೨

'ಬ್ಲ್ಯಾಕ್' ಎಂಬುದು ಇಂಗ್ಲಿಷಿನಲ್ಲಿಯೂ ಸುಲಭವಾದ ಶಬ್ದವಲ್ಲ. ಆಕ್ಸ್‌ಫರ್ಡಿನ ಮಹಾನಿಘಂಟನ್ನು ರಚಿಸಿದವರೇ ಇದರ ಚರಿತ್ರೆ ತೊಡಕಿನದೆಂದು ಒಪ್ಪಿಕೊಂಡಿದ್ದಾರೆ. ಪ್ರಾಚೀನ ಇಂಗ್ಲಿಷಿನಲ್ಲಿ ಕಪ್ಪು ಬಣ್ಣಕ್ಕೆ ಹೆಚ್ಚು ರೂಢವಾಗಿದ್ದ ಮಾತು ಬೇರೆ. ಜರ್ಮನ್ ಭಾಷೆಯ 'ಷ್ವಾರ್ಟ್ಸ್' ಎಂಬುದಕ್ಕೆ ಬಂಧುವಾದ ಆ ಶಬ್ದದ ಅವಶೇಷವು ಕಂದುಮೈಯವನೆಂಬ ಅರ್ಥದ 'ಸ್ವಾರ್ದಿ' ಎಂಬ ರೂಪದಲ್ಲಿ ಇನ್ನೂ ಉಳಿದಿದೆ. ಕಾಲಕ್ರಮದಲ್ಲಿ ಅದನ್ನು ತಳ್ಳಿ 'ಬ್ಲ್ಯಾಕ್' ಮುಂದೆ ಬಂದಿತು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ಹ್ರಸ್ವಸ್ವರವುಳ್ಳ ಒಂದು ರೂಪಕ್ಕೆ ಕಪ್ಪು ಎಂಬರ್ಥವೂ, ದೀರ್ಘಸ್ವರವುಳ್ಳ ಇನ್ನೊಂದು ರೂಪಕ್ಕೆ ಹೊಳೆಯುವ, ಬಿಳಿಚಿದ ಎಂಬರ್ಥವೂ ಇದ್ದುವು. ಎರಡನೆಯದರ ಬಳಗಕ್ಕೆ ಸೇರಿದುದು ಬಟ್ಟೆಯನ್ನು ಬಿಳುಪುಮಾಡುವುದೆಂಬರ್ಥದ 'ಬ್ಲೀಚ್'. ಬರೆವಣಿಗೆಯಲ್ಲಿ ಸ್ವರದ ಹ್ರಸ್ವದೀರ್ಘಗಳು ಸ್ಪಷ್ಟವಾಗಿ ತೋರದಿದ್ದ ಕಾಲದಲ್ಲಿ ಈ ಎರಡು ಶಬ್ದಗಳೂ ಒಂದರೊಡನೊಂದು ಬೆರೆತುಹೋದುವು. ಮಧ್ಯಕಾಲದ ಕೆಲವು ಪ್ರಯೋಗಗಳಲ್ಲಿ ವರ್ಣಿತವಾದ ಮುಖವು ಕಪ್ಪೋ ಬಿಳುಪೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕು. ಕೆಲವೆಡೆ ಊಹೆಗೂ ಆಸ್ಪದವಿಲ್ಲ. ಇಂದಿಗೂ 'ಬ್ಲೇಕ್' ಎಂಬ ಮನೆತನದ ಹೆಸರಿನ ಮೂಲಪುರುಷನು ಕರಿಯನೋ ಬಿಳಿಚಿದವನೋ ಎಂಬುದನ್ನು ಹೆಸರಿನಿಂದಲೇ ನಿರ್ಣಯಿಸಲಾಗದು. ಈ ಎರಡಕ್ಕೂ ಹಿಂದೆ ಉರಿ, ಹೊಳೆ ಎಂಬರ್ಥದ ಒಂದೇ ಧಾತುವಿರಬಹುದೆಂದು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ. ಉರಿಯುವುದು ಬೆಳಗುತ್ತದೆ, ಉರಿದುದು ಕರಿಯಾಗುತ್ತದೆ. ನಮ್ಮಲ್ಲಿಯೂ ಸುಟ್ಟುದನ್ನು 'ಕರಕಲು' ಎನ್ನುವುದುಂಟು.

ಇನ್ನು ರಚನೆ. ಇಂಗ್ಲಿಷಿನ ಈ ಗುಣವಾಚಕವು ಲಿಂಗವಚನಗಳಿಗೆ ಅನುಗುಣವಾಗಿ ಮಾರ್ಪಡುವುದಿಲ್ಲ. ತಾರತಮ್ಯವನ್ನು ಹೇಳುವಾಗ ಮಾತ್ರ ಪ್ರತ್ಯಯವನ್ನು ಪಡೆಯುತ್ತದೆ. ಕೊನೆಗೆ ಬೇರೆ ಬೇರೆ ಪ್ರತ್ಯಯಗಳು ಸೇರಿದರೆ ಕಪ್ಪಾಗಿಸುವುದು, ಕಪ್ಪುತನ, ಕಪ್ಪುಮಿಶ್ರಿತವಾದ ಎಂಬರ್ಥಗಳು ಬರುತ್ತವೆ. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಮುಖ್ಯವಾದುದು ಸಮಾಸ. ಇಂಗ್ಲಿಷಿನಲ್ಲಿ 'ಬ್ಲ್ಯಾಕ್ ಬರ್ಡ್' ಎಂದು ಎರಡು ಪದಗಳನ್ನೂ ಬಿಡಿಬಿಡಿಯಾಗಿ ಒತ್ತಿ ನುಡಿದರೆ ಯಾವುದಾದರೊಂದು ಕರಿಯ ಹಕ್ಕಿ. ಮೊದಲ ಪದವನ್ನು ಮಾತ್ರ ಒತ್ತಿ ಒಂದೇ ಪದವಾಗಿ ನುಡಿದರೆ ಒಂದು ಗೊತ್ತಾದ ಜಾತಿಯ ಹಕ್ಕಿ. ಆ ಜಾತಿಯ ಹೆಣ್ಣುಹಕ್ಕಿಯ ಬಣ್ಣ ಕಂದು. ಆದರೂ ಅದು 'ಬ್ಲ್ಯಾಕ್‌ಬರ್ಡ್' ಎಂದೇ ಕರೆಯಲ್ಪಡುತ್ತದೆ. ಸಮಾಸದೊಳಗೆ ಸೇರಿದ ಗುಣವಾಚಕವು ಗುಣವನ್ನು ಹೇಳುವ ಕೆಲಸವನ್ನು ಬಿಟ್ಟು ಹೆಸರಿನ ಒಂದು ಅಂಗವಾಗಿಬಿಡುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಕಮ್ಮಾರನಿಗೆ ಇಂಗ್ಲಿಷಿನಲ್ಲಿ 'ಬ್ಲ್ಯಾಕ್‌ಸ್ಮಿತ್' ಎಂಬ ಹೆಸರು ಬಂದುದು ಅವನು ಕರಿಯ ಲೋಹದಲ್ಲಿ ಕೆಲಸಮಾಡುವುದರಿಂದ. ನಮ್ಮ 'ಕಬ್ಬಿಣ'ವೂ 'ಕರ್' ಎಂಬುದಕ್ಕೆ 'ಪೊನ್' ಸೇರಿ ಆದ 'ಕರ್ಬುನ'ದ ಇಂದಿನ ರೂಪ. ಎರಡು ದೇಶದ ಜನರೂ ಒಂದೇ ವಸ್ತುವನ್ನು ಒಂದೇ ಕಣ್ಣಿನಿಂದ ನೋಡಿದ್ದಾರೆ.

ಅರ್ಥದ ವಿಷಯದಲ್ಲಿ ಮಾತ್ರ ಎರಡು ಭಾಷೆಗಳ ಹಾದಿ ಬೇರೆ. ಇಂಗ್ಲಿಷಿನ ಒಂದು ಶಬ್ದವು ಮಾಡುವ ಕೆಲಸವನ್ನು ಕನ್ನಡದಲ್ಲಿ ಹಲವು ಶಬ್ದಗಳು ಹಂಚಿಕೊಂಡಿವೆ. 'ಕರಿ' ಎಂಬುದು ವಸ್ತುವಿಗೆ ಅಂಟಿದ ಬಣ್ಣ: ಕರಿಮಣಿ, ಕರಿಬೇವು, ಕರಿಹಲಗೆ. 'ಕಪ್ಪು' ಎಂಬುದು ಮೂಲತಃ ಬಣ್ಣದ ಹೆಸರೇ ಆದ ನಾಮಪದ. ಅದು ಈಚೆಗೆ ಕಪ್ಪುಹಣ, ಕಪ್ಪುಪಟ್ಟಿ ಮುಂತಾದ ಭಾಷಾಂತರಗಳಿಂದ ಇಂಗ್ಲಿಷಿನ ಕೆಟ್ಟ ಅರ್ಥಗಳನ್ನೂ ಹೊರತೊಡಗಿದೆ. 'ಕಾಳ' ಎಂಬುದು ಕತ್ತಲೆಗೂ ಮರೆಯಲ್ಲಿ ನಡೆಯುವುದಕ್ಕೂ ಸಲ್ಲುತ್ತದೆ: ಕಾಳಗತ್ತಲೆ, ಕಾಳಸಂತೆ. ಆದರೆ ಕನ್ನಡದ ಕರಿಯು ಎಂದೂ ಬರಿಯ ಅಶುಭವಾಗಿರಲಿಲ್ಲ. ಕರಿಮಣಿಯು ಸೌಭಾಗ್ಯದ ಚಿಹ್ನೆ. ಕರಿಯ ನೆಲವು ಫಲವತ್ತಾದ ನೆಲ. ನಮ್ಮ ನಾಡಿನ ಹೆಸರನ್ನೇ 'ಕರ್' ಮತ್ತು 'ನಾಡು' ಎಂದು ಬಿಡಿಸಿ ಕರಿಮಣ್ಣಿನ ದೇಶವೆಂದು ಅರ್ಥಮಾಡಿದ ಪಂಡಿತರುಂಟು. 'ಕರು' ಎಂದರೆ ಎತ್ತರವೆಂದು ತಿಳಿದು ಎತ್ತರದ ನಾಡು ಎಂದವರೂ ಉಂಟು. ಮೊದಲನೆಯ ಅರ್ಥವನ್ನು ಕೇಳಿ ಯಾವ ಕನ್ನಡಿಗನೂ ಅವಮಾನಗೊಂಡುದಿಲ್ಲ. ಕರಿ ಎಂದೊಡನೆ ಕುಗ್ಗುವ ಅಭ್ಯಾಸವು ನಮಗೆ ಬಂದುದು ಇಂಗ್ಲಿಷಿನ ಪ್ರಯೋಗದ ಮೂಲಕ.

೩

ಆ ಪ್ರಯೋಗವು ಹಿಂದೂದೇಶದಲ್ಲಿ ಹೇಗಿದ್ದಿತೆಂಬುದನ್ನು ನೋಡೋಣ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯೊಳಗೆ ಐರೋಪ್ಯರು ವಾಸಿಸುತ್ತಿದ್ದ ಭಾಗಕ್ಕೆ 'ವೈಟ್ ಟೌನ್' ಎಂದೂ, ಹೊರಗೆ ದೇಶೀಯರು ವಾಸಿಸುತ್ತಿದ್ದ ಭಾಗಕ್ಕೆ 'ಬ್ಲ್ಯಾಕ್ ಟೌನ್' ಎಂದೂ ಹೆಸರು. ಎರಡನೆಯದಕ್ಕೆ 'ಜಾರ್ಜ್ ಟೌನ್' ಎಂಬ ಹೊಸ ಹೆಸರು ಬಂದುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ಬೆಂಗಳೂರಿನ ದಂಡು ೧೮೦೯ರ ಸುಮಾರಿಗೆ ಹಲಸೂರಿನ ಬಳಿ ನೆಲೆಗೊಂಡಾಗ ಇಲ್ಲಿಗೆ ಬಂದುದು ಮದರಾಸಿನ ಸೈನ್ಯವೇ. ಅದರ ಹಿಂದೆ ಬಂದ ವರ್ತಕರೂ ಕೆಲಸಗಾರರೂ ಬಹುಮಟ್ಟಿಗೆ ಮದರಾಸಿನ ಕಡೆಯವರೇ. ಮದರಾಸಿನಲ್ಲಿ ಕಲಿತ ಮಾತನ್ನು ಆಂಗ್ಲರು ಇಲ್ಲಿಯೂ ಬಳಸಿದರೆಂದು ಊಹಿಸುವುದು ಅಸಂಬದ್ಧವಲ್ಲ. ಮೊದಲನೆಯ ಪಕ್ಷಕ್ಕಿರುವ ಬಲ ಇಷ್ಟು.

ಆದರೆ ಈ ಊಹೆಯು ಮೂರು ಕಡೆ ಎಡವುತ್ತದೆ. ಮೊದಲನೆಯದಾಗಿ, ಇಂಗ್ಲಿಷಿನ ಗುಣವಾಚಕವು ವರ್ಣವನ್ನು ಹೇಳಲು ಬಂದ ಎಡೆಯಲ್ಲಿ ಅದರ ವಿಶೇಷ್ಯವೂ ಇಂಗ್ಲಿಷೇ ಆಗಿದೆ. ಮದರಾಸಿನಲ್ಲಿ ಅದು 'ಟೌನ್'. ಆಂಗ್ಲರು ತಾವೇ ಹೆಸರಿಟ್ಟ ಬೆಂಗಳೂರು ದಂಡಿನ ಬಡಾವಣೆಗಳಲ್ಲಿಯೂ ಹಾಗೆಯೇ: ಫ್ರೇಜರ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್. ಇಂಗ್ಲಿಷಿನ ವರ್ಣವಾಚಕವೊಂದನ್ನು 'ಪಳ್ಳಿ' ಎಂಬ ದೇಶ್ಯಪದಕ್ಕೆ ಅಂಟಿಸಿದ ರಚನೆಗೆ ಇಲ್ಲಿ ಜೊತೆಯಿಲ್ಲ. ಕರಿಯರ ಪಳ್ಳಿಯೊಂದು ಇದ್ದರೆ ಅದಕ್ಕೆ ಎದುರಾಗಿ ಬಿಳಿಯರ ಪಳ್ಳಿಯೊಂದು ಇರಬೇಕಾಗಿದ್ದಿತು. ಮದರಾಸಿನ ಜೋಡಿಹೆಸರುಗಳಲ್ಲಿ ಒಂದರ ಅರ್ಥಕ್ಕೆ ಇನ್ನೊಂದು ಆಧಾರ; ಇಲ್ಲಿ ಆ ಜೋಡಿಯಿಲ್ಲ.

ಎರಡನೆಯದಾಗಿ, ದೇಶೀಯರು ವಾಸಿಸುತ್ತಿದ್ದ ದಟ್ಟವಾದ ಭಾಗಕ್ಕೆ ದಂಡಿನ ಆಡಳಿತದಲ್ಲಿ ಬೇರೊಂದು ಹೆಸರು ಮೊದಲೇ ಸಿದ್ಧವಾಗಿದ್ದಿತು. ಪುರಸಭೆಯ ವಿಭಾಗಗಳಲ್ಲಿ ಅದು 'ಜನರಲ್ ಬಜಾರ್'. ಪೂರ್ವ, ಪಶ್ಚಿಮ ಎಂದು ಅದರಲ್ಲಿ ಎರಡು ವಿಭಾಗಗಳು. ದಂಡುಗಳಲ್ಲೆಲ್ಲ ರೂಢಿಯಲ್ಲಿದ್ದ 'ಬಜಾರ್' ಎಂಬ ಮಾತು ಇರುವಾಗ ಅದೇ ಅರ್ಥಕ್ಕೆ 'ಬ್ಲ್ಯಾಕ್' ಎಂಬುದು ಅನವಶ್ಯಕ.

ಮೂರನೆಯದಾಗಿ, ಪಳ್ಳಿ ಅಥವಾ ಹಳ್ಳಿ ಎಂಬುದು ದಂಡು ಬರುವ ಮೊದಲೇ ನೆಲೆನಿಂತ ಊರನ್ನು ಸೂಚಿಸುತ್ತದೆ. ಹೊಸದಾಗಿ ಕಟ್ಟಿಸಿದುದನ್ನು ಪೇಟೆ ಎನ್ನುವುದು ವಾಡಿಕೆ. ಮೊದಲೇ ಇದ್ದ ಊರಿಗೆ ಮೊದಲೇ ಒಂದು ಹೆಸರಿರಬೇಕು. ಅದನ್ನು ಬಿಟ್ಟು ಅದರ ಉತ್ತರಪದವನ್ನು ಮಾತ್ರ ಉಳಿಸಿಕೊಂಡು, ಮುಂದೆ ಇಂಗ್ಲಿಷ್ ಪದವನ್ನು ಹಚ್ಚುವುದಕ್ಕೆ ಕಾರಣ ಕಾಣದು.

೪

ಇಂಗ್ಲಿಷ್ ಪಕ್ಷದವರು ಇಲ್ಲಿ ಇನ್ನೊಂದು ದಾರಿ ಹಿಡಿಯಬಹುದು. 'ಬ್ಲ್ಯಾಕ್' ಎಂಬುದು ಗುಣವಾಚಕವಲ್ಲ, ಆ ಹೆಸರಿನ ಆಂಗ್ಲನೊಬ್ಬನ ಅಂಕಿತವೆನ್ನಬಹುದು. ಈ ಸಂಶಯಕ್ಕೆ ನಮ್ಮ ಸುತ್ತಲೂ ಆಧಾರವಿದೆ. ಕೃಷ್ಣರಾಜಪುರದ ಆಚೆಯ ವೈಟ್‌ಫೀಲ್ಡಿನ ಹೆಸರನ್ನು ಕೇಳಿ ಅದನ್ನು ಬಿಳಿಯ ಬಯಲೆಂದು ತಿಳಿಯುವವರುಂಟು. ಅಲ್ಲಿರುವುದು ಬಣ್ಣವಲ್ಲ, ಮನುಷ್ಯ. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘವನ್ನು ಸ್ಥಾಪಿಸಿದ ಡಿ. ಎಸ್. ವೈಟ್ ಎಂಬುವರ ನೆನಪಿಗಾಗಿ ಬಂದ ಹೆಸರದು; ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರವರ ಸರ್ಕಾರವು ಆ ವಸತಿಗಾಗಿ ಭೂಮಿಯನ್ನು ಕೊಟ್ಟಿತು. ಅಂತೆಯೇ ಇಂದಿನ ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಪೂರ್ವಪದವು ಇಂಗ್ಲಿಷಿನಲ್ಲಿ ಸಮೀಪವೆಂಬರ್ಥದ ಗುಣವಾಚಕದಂತೆ ಕಂಡರೂ, ಅದು ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬುವರ ಹೆಸರು.

ಆದರೆ ಈ ನಿದರ್ಶನಗಳೇ ನಮ್ಮ ಹೆಸರಿಗೆ ವಿರುದ್ಧವಾಗಿ ನಿಲ್ಲುತ್ತವೆ. ಆಂಗ್ಲರ ಅಂಕಿತವು ದೇಶ್ಯಪದದೊಡನೆ ಸೇರಿದೆಡೆಯಲ್ಲಿ ಆ ದೇಶ್ಯಪದವು ಪೇಟೆ: ಕ್ಲೋಸ್‌ಪೇಟೆ, ಕಬ್ಬನ್‌ಪೇಟೆ, ಹಲಸೂರಿನ ಆಚೆ ಇಂದು ಮರ್ಫಿ ಟೌನ್ ಆಗಿರುವ ನಾಕ್ಸ್‌ಪೇಟೆ. ಪೇಟೆಯನ್ನು ಒಬ್ಬನು ಕಟ್ಟಿಸಬಹುದು, ಅಥವಾ ಒಬ್ಬನ ಗೌರವಾರ್ಥವಾಗಿ ಕಟ್ಟಬಹುದು. ಹಳ್ಳಿಗೆ ವ್ಯಕ್ತಿಯ ಹೆಸರು ಬಂದಾಗ ಕನ್ನಡವು ಷಷ್ಠೀವಿಭಕ್ತಿಯನ್ನು ಬಿಡದು: ಬೈಯಪ್ಪನಹಳ್ಳಿ, ಕಾಡುಗೊಂಡನಹಳ್ಳಿ. ಬ್ಲ್ಯಾಕ್‌ಪಳ್ಳಿಯಲ್ಲಿ ಆ ನಕಾರದ ಸುಳಿವೇ ಇಲ್ಲ. ಆದುದರಿಂದ ಪೂರ್ವಪದವು ಇಂಗ್ಲಿಷ್ ಬಣ್ಣವೂ ಅಲ್ಲ, ಇಂಗ್ಲಿಷ್ ಮನುಷ್ಯನೂ ಅಲ್ಲ ಎಂದು ತಿಳಿಯುವುದೇ ಯುಕ್ತ.

೫

ಈಗ ಕನ್ನಡ ಪಕ್ಷವನ್ನು ಅಷ್ಟೇ ನಿಷ್ಠುರವಾಗಿ ನೋಡಬೇಕು. ನಮಗೆ ಪ್ರಿಯವಾದುದೆಂಬ ಮಾತ್ರಕ್ಕೆ ಒಂದು ನಿರುಕ್ತಿಯು ಸತ್ಯವಾಗದು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಬಡಿಸಿದ ಕಥೆಯಿಂದ ಬೆಂಗಳೂರಿಗೆ ಹೆಸರು ಬಂದಿತೆಂದು ಬಹುಕಾಲ ನಂಬಿದ್ದೆವು. ಬೇಗೂರಿನ ಸುಮಾರು ಕ್ರಿ.ಶ. ೯೦೦ರ ವೀರಗಲ್ಲಿನಲ್ಲಿ ಬೆಂಗಳೂರೆಂಬ ಹೆಸರೇ ದೊರೆತಮೇಲೆ, ಅದಕ್ಕೆ ಮೂರು ಶತಮಾನಗಳಷ್ಟು ಈಚಿನವನಾದ ಬಲ್ಲಾಳನ ಹಸಿವಿಗೂ ಊರಿನ ಹೆಸರಿಗೂ ಸಂಬಂಧ ಕಲ್ಪಿಸುವುದು ಅಸಾಧ್ಯವಾಯಿತು. ನಗರಕ್ಕೆ ಬೆಂದ ಕಾಳನ್ನು ಉಣಿಸಿದ ಜನರ ಕಲ್ಪನೆಯೇ ದಂಡಿಗೆ ಬಿಳಿಯ ಅಕ್ಕಿಯನ್ನು ಬಡಿಸಿದೆಯೇ ಎಂದು ಶಂಕಿಸಲು ಅವಕಾಶವಿದೆ.

ಕನ್ನಡದಲ್ಲಿ ಗುಣವಾಚಕವು ನಾಮಪದದೊಡನೆ ಸಮಾಸವಾಗುವಾಗ ತನ್ನ ಪೂರ್ಣರೂಪವನ್ನು ಬಿಟ್ಟು ಮೊಟಕಾದ ರೂಪವನ್ನು ತಾಳುತ್ತದೆ. ಇದನ್ನು ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ನಿರೂಪಿಸಿದ್ದಾನೆ. ಪಿರಿದು ಎಂಬುದು ಪೆರ್ ಆಗುತ್ತದೆ. ಕರಿದು ಎಂಬುದು ಕರ್ ಅಥವಾ ಕಾರ್ ಆಗುತ್ತದೆ. ಬಿಳಿದು ಎಂಬುದು ಬೆಳ್ ಆಗುತ್ತದೆ. ಬೆಂಗಳೂರಿನ ಉತ್ತರದ ಹೆಬ್ಬಾಳವೇ ಇದಕ್ಕೆ ಸಾಕ್ಷಿ. ಅಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ, ಕ್ರಿ.ಶ. ೭೫೦ರ ಸುಮಾರಿನದೆನ್ನಲಾದ ಕಿತ್ತಯ್ಯನ ಶಾಸನದಲ್ಲಿ ಪೆರ್ಬೊಳಲ್‌ನಾಡು ಎಂಬ ಹೆಸರಿದೆ: ದೊಡ್ಡ ಪೊ‍ಳಲು, ಎಂದರೆ ದೊಡ್ಡ ಪಟ್ಟಣ. ಬೆಳ್ ಎಂಬುದರ ಸಂತತಿಯೂ ವಿಪುಲವಾಗಿದೆ: ಬೆಳ್ಗೊಡೆ, ಬೆಳದಿಂಗಳು, ಬೆಳ್ಗೊಳ, ಅಡುಗೆಮನೆಯ ಬೆಳ್ಳುಳ್ಳಿ. ಹಿಂದೆ ಸ್ವರವು ಬಂದರೆ ಬೆಳ್ ಎಂಬುದರ ಳಕಾರವು ಇಮ್ಮಡಿಸುವುದನ್ನು ಕಡೆಯ ಉದಾಹರಣೆಯಲ್ಲಿ ಕಾಣಬಹುದು.

ಇದೇ ಕ್ರಮದಲ್ಲಿ ಬೆಳ್ ಎಂಬುದಕ್ಕೆ ಅಕ್ಕಿ ಸೇರಿದರೆ ಬೆಳ್ಳಕ್ಕಿ ಆಗಬೇಕು. ಬೆಳ್ ಎಂಬುದಕ್ಕೆ ಪಕ್ಕಿ ಸೇರಿದರೆ ಹಳಗನ್ನಡದಲ್ಲಿ ಬೆಳ್ವಕ್ಕಿ, ಇಂದಿನ ರೂಢಿಯಲ್ಲಿ ಅದೂ ಬೆಳ್ಳಕ್ಕಿಯೇ. ಗದ್ದೆಯ ಬದುಗಳಲ್ಲಿಯೂ ಕೆರೆಯಂಗಳದಲ್ಲಿಯೂ ಸಾಲಾಗಿ ನಿಲ್ಲುವ ಆ ಹಕ್ಕಿಯನ್ನು ಕನ್ನಡಿಗರೆಲ್ಲರೂ ಬಲ್ಲರು. ಇಲ್ಲಿ ಜನಜನಿತವಾದ 'ಬಿಳಿ ಹಕ್ಕಿ ಹಳ್ಳಿ' ಎಂಬ ವಿವರಣೆಯ ಕೃತಕತೆ ಹೊರಬೀಳುತ್ತದೆ. ಬಿಳಿ ಹಕ್ಕಿ ಎಂದರೆ ಬಿಳುಪಾದ ಯಾವುದಾದರೊಂದು ಹಕ್ಕಿ. ಬೆಳ್ಳಕ್ಕಿ ಎಂದರೆ ಒಂದು ಜಾತಿ. ಇಂಗ್ಲಿಷಿನ 'ಬ್ಲ್ಯಾಕ್‌ಬರ್ಡ್' ವಿಷಯದಲ್ಲಿ ಕಂಡ ಭೇದವೇ ಇದು. ಊರಿಗೆ ಹೆಸರಿಟ್ಟ ರೈತನ ಬಾಯಲ್ಲಿ ಬರುವುದು ಜಾತಿಯ ಹೆಸರು, ವಾಕ್ಯವಲ್ಲ.

ಅಕ್ಕಿಯ ಪಕ್ಷವು ಧ್ವನಿಯಿಂದ ಸಾಧ್ಯ, ಅರ್ಥದಿಂದ ದುರ್ಬಲ. ಹೊಲದಲ್ಲಿ ಬೆಳೆಯುವುದು ನೆಲ್ಲು ಅಥವಾ ಭತ್ತ, ಅಕ್ಕಿಯಾಗುವುದು ಕುಟ್ಟಿದಮೇಲೆ. ಅಕ್ಕಿಯ ಹೆಸರು ಊರುಗಳಿಗೆ ಇಲ್ಲವೆಂದಲ್ಲ. ಅಕ್ಕಿಹೆಬ್ಬಾಳು ಇದೆ, ಬೆಂಗಳೂರಿನಲ್ಲಿಯೇ ಅಕ್ಕಿಪೇಟೆ ಇದೆ. ಆದರೆ ಅಕ್ಕಿಪೇಟೆಯು ಅಕ್ಕಿ ಮಾರುವ ಎಡೆ. ಅದಲ್ಲದೆ ಅಕ್ಕಿಯು ಸಾಮಾನ್ಯವಾಗಿ ಬೆಳ್ಳಗೆಯೇ ಇರುವುದರಿಂದ ಬಿಳಿ ಎಂಬ ವಿಶೇಷಣವು ಏನನ್ನೂ ಬೇರ್ಪಡಿಸುವುದಿಲ್ಲ. ಬೇರ್ಪಡಿಸದ ಗುಣವಾಚಕಕ್ಕೆ ಊರಿನ ಹೆಸರಿನಲ್ಲಿ ಕೆಲಸವಿಲ್ಲ. ಹಕ್ಕಿಯ ಹೆಸರಾದರೋ ಬೇರ್ಪಡಿಸುತ್ತದೆ. ಮದ್ದೂರು ತಾಲ್ಲೂಕಿನ ಬೆಳ್ಳೂರನ್ನು ಅಲ್ಲಿ ಗೂಡುಕಟ್ಟುವ ಹಕ್ಕಿಗಳ ಕಾರಣದಿಂದ ಕೊಕ್ಕರೆ ಬೆಳ್ಳೂರೆಂದು ಕರೆದು ಬೇರೆ ಬೆಳ್ಳೂರುಗಳಿಂದ ವಿಂಗಡಿಸಿರುವುದು ವಿದಿತವೇ ಆಗಿದೆ. ಹಲಸೂರಿನ ಕೆರೆಯಿಂದ ದೂರವಲ್ಲದ ಹಳ್ಳಿಗೆ ಬೆಳ್ಳಕ್ಕಿಯ ಹೆಸರು ಒಪ್ಪುವುದರಲ್ಲಿ ಆಶ್ಚರ್ಯವಿಲ್ಲ.

ಯಾರೂ ಗಮನಿಸಬೇಕಾದಷ್ಟು ಗಮನಿಸದ ಮೂರನೆಯ ಸಾಧ್ಯತೆಯೊಂದುಂಟು. ನಗರದ ದಕ್ಷಿಣಕ್ಕೆ, ಬನ್ನೇರುಘಟ್ಟದ ದಾರಿಯಲ್ಲಿ, ಬಿಳೇಕಹಳ್ಳಿ ಎಂಬ ಊರಿದೆ. ಬ್ಲ್ಯಾಕ್‌ಪಳ್ಳಿಯಲ್ಲಿರುವ ಬಕಾರ, ಲಕಾರ, ಕಕಾರ, ಪಳ್ಳಿಗಳ ಸಾಲಿಗೆ ಇದಕ್ಕಿಂತ ಹತ್ತಿರವಾದ ಜೀವಂತ ಹೆಸರು ಸಿಕ್ಕದು. ಬಿಳಿ ಎಂಬುದಕ್ಕೆ ಎಕ್ಕ ಸೇರಿ ಲೋಪಸಂಧಿಯಾದರೆ ಬಿಳೆಕ್ಕ. ಬಿಳಿಯ ಹೂವಿನ ಎಕ್ಕದ ಗಿಡವು ಗಣಪತಿಯ ಪೂಜೆಗೆ ಶ್ರೇಷ್ಠವೆಂದು ಜನರು ಅದನ್ನು ಸಾಮಾನ್ಯವಾದ ಎಕ್ಕದಿಂದ ಬೇರೆಯಾಗಿಯೇ ಗುರುತಿಸುತ್ತಾರೆ. ಆದುದರಿಂದ ಇಲ್ಲಿ ವಿಶೇಷಣಕ್ಕೆ ಕೆಲಸವಿದೆ. ಗಿಡಮರಗಳಿಂದ ಊರುಗಳಿಗೆ ಹೆಸರು ಬರುವುದು ನಮ್ಮಲ್ಲಿ ತೀರ ಸಾಮಾನ್ಯ.

ಈ ಮೂರರಲ್ಲಿ ಒಂದನ್ನು ಸ್ವರದ ಬಲದಿಂದ ಆರಿಸಬಹುದೇ? ಆಗದು. ಇಂಗ್ಲಿಷಿನ 'ಬ್ಲ್ಯಾಕ್' ಎಂಬುದರ ಸ್ವರವು ನಮ್ಮ ಅಕಾರಕ್ಕೂ ಎಕಾರಕ್ಕೂ ನಡುವಣದು. ಅಕ್ಕಿಯ ಅಕಾರವಾಗಲಿ ಎಕ್ಕದ ಎಕಾರವಾಗಲಿ ಆಂಗ್ಲನ ಕಿವಿಯಲ್ಲಿ ಆ ನಡುವಣ ಸ್ವರವಾಗಿಯೇ ಬೀಳುತ್ತದೆ.

೬

ಕನ್ನಡ ಪಕ್ಷಕ್ಕೆ ಎರಡು ಬಲವಾದ ಆಕ್ಷೇಪಗಳಿವೆ. ಹಳ್ಳಿ ಎನ್ನುವ ಕಡೆ ಪಳ್ಳಿ ಏಕೆ ಬಂದಿತು ಎಂಬುದು ಒಂದು. ಪದಾದಿಯ ಪಕಾರವು ಹತ್ತನೆಯ ಶತಮಾನದ ಈಚೆಗೆ ಕ್ರಮಕ್ರಮವಾಗಿ ಹಕಾರವಾಯಿತು. ಪೆರ್ಬೊಳಲು ಹೆಬ್ಬಾಳವಾಗಿರುವಾಗ ಈ ಪಳ್ಳಿ ಮಾತ್ರ ಹೇಗೆ ಉಳಿಯಿತು? ಸಮಾಧಾನವು ದಂಡಿನ ಜನರ ಬಾಯಲ್ಲಿದೆ. ತಮಿಳಿನಲ್ಲಿ ಮೂಲತಃ ಹಕಾರವಿಲ್ಲ. ಊರಿಗೂ ದೇವರ ಮನೆಗೂ ಓದಿನ ಮನೆಗೂ ಪಳ್ಳಿ ಎಂಬ ಮಾತು ಅವರಲ್ಲಿ ಜೀವಂತವಾಗಿದೆ. ದಂಡಿನ ಪೂರ್ವಭಾಗದ ಪ್ರಸಿದ್ಧ ಸ್ಮಶಾನಕ್ಕೆ ಕಲ್ಪಳ್ಳಿ ಎಂದೇ ಹೆಸರು. ಅಲ್ಲಿಯೂ ಹಳ್ಳಿಯು ಪಳ್ಳಿಯಾಗಿಯೇ ನಿಂತಿದೆ. ತಮಿಳಿನ ಬಳಕೆ ಈ ಸೀಮೆಗೆ ಸೈನ್ಯದೊಡನೆ ಬಂದುದೆಂದೂ ತಿಳಿಯಬೇಕಾಗಿಲ್ಲ. ದೊಮ್ಮಲೂರಿನ ಚೊಕ್ಕನಾಥನ ಗುಡಿಯಲ್ಲಿ ಹದಿಮೂರನೆಯ ಶತಮಾನದ ತಮಿಳು ಶಾಸನಗಳಿದ್ದು, ಅವುಗಳಲ್ಲಿ ಊರಿನ ಹೆಸರು ತೊಂಬಲೂರು ಎಂದಿದೆ. ಆದರೆ ಪೂರ್ವಪದವು ತಮಿಳಲ್ಲ. ತಮಿಳಿನಲ್ಲಿ ಬಿಳುಪಿಗೆ ವೆಳ್ ಎನ್ನುತ್ತಾರೆ. ಆ ಭಾಷೆಯ ವಕಾರದ ಎಡೆಯಲ್ಲಿ ಬಕಾರವಿರುವುದು ಕನ್ನಡದ ಲಕ್ಷಣ: ಅವರ ವೇರ್ ನಮ್ಮ ಬೇರು, ಅವರ ವಿಲ್ ನಮ್ಮ ಬಿಲ್ಲು. ಆದುದರಿಂದ ಈ ಹೆಸರಿನ ತಲೆ ಕನ್ನಡ, ಬಾಲ ತಮಿಳರ ಉಚ್ಚಾರ.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಬೆಳ್ಳಕ್ಕಿಯಲ್ಲಾಗಲಿ ಬಿಳೆಕ್ಕದಲ್ಲಾಗಲಿ ಮೊದಲ ಬಕಾರಕ್ಕೆ ಸ್ವರವಿದೆ; ಅದು ಲೋಪವಾಗಿ ಒತ್ತಕ್ಷರವಾದುದು ಹೇಗೆ? ಬೆಳ್ಳಂದೂರು ಇಂಗ್ಲಿಷಿನಲ್ಲಿಯೂ ತನ್ನ ಎಕಾರವನ್ನು ಉಳಿಸಿಕೊಂಡಿದೆ. ಬಿಳೇಕಹಳ್ಳಿಯು ಇಕಾರವನ್ನು ಕಳೆದುಕೊಂಡಿಲ್ಲ. ಕನ್ನಡದ ಯಾವ ಸಂಧಿನಿಯಮವೂ ಈ ಲೋಪವನ್ನು ವಿವರಿಸದು. ಇದಕ್ಕೆ ಕಾರಣ ಆ ಇಂಗ್ಲಿಷ್ ಗುಣವಾಚಕವೇ ಎಂದು ನನ್ನ ಅಭಿಪ್ರಾಯ. ಪರಭಾಷೆಯ ಹೆಸರನ್ನು ಕೇಳಿದವನು ಅದನ್ನು ತನಗೆ ಗೊತ್ತಿರುವ ಮಾತಿನ ಕಡೆಗೆ ಬಾಗಿಸುತ್ತಾನೆ. ಮೊಹರಮಿನ ಮೆರವಣಿಗೆಯಲ್ಲಿ ಹಸನ್ ಹುಸೇನರನ್ನು ಕೂಗುವ ಧ್ವನಿಯನ್ನು ಆಂಗ್ಲ ಸಿಪಾಯಿಗಳು 'ಹಾಬ್ಸನ್ ಜಾಬ್ಸನ್' ಎಂದು ತಮ್ಮವರ ಹೆಸರುಗಳನ್ನಾಗಿ ಮಾಡಿಕೊಂಡರು; ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ೧೮೮೬ರಲ್ಲಿ ಪ್ರಕಟಿಸಿದ ಆಂಗ್ಲೋ ಇಂಡಿಯನ್ ಶಬ್ದಕೋಶಕ್ಕೆ ಅದನ್ನೇ ಹೆಸರಾಗಿಟ್ಟರು. ಬೆಳ್ಳಂದೂರೂ ಬಿಳೇಕಹಳ್ಳಿಯೂ ದಂಡಿನ ಹೊರಗಿನ ಹಳ್ಳಿಗಳು. ಅವುಗಳ ಹೆಸರು ಶಾನುಭೋಗರ ಕನ್ನಡ ಲೆಕ್ಕಗಳಲ್ಲಿ ಭದ್ರವಾಗಿದ್ದಿತು. ನಮ್ಮ ಹಳ್ಳಿಯು ಸೇನಾನಿವೇಶದ ಹೊಟ್ಟೆಯೊಳಗೆ ಬಿದ್ದಿತು. ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿ ಬಂದಾಗಲೂ ದಂಡು ಮಾತ್ರ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಿಂದ ೧೯೪೭ರವರೆಗೆ ಆಂಗ್ಲರ ಆಡಳಿತದಲ್ಲಿಯೇ ಉಳಿಯಿತು. ಅಲ್ಲಿ ಹೆಸರನ್ನು ಬರೆಯುವ ಕೈ ಇಂಗ್ಲಿಷಿನದು. ಆ ಕೈಗೆ 'ಬ್ಲ್ಯಾಕ್ ಟೌನ್' ಎಂದು ಬರೆದ ಅಭ್ಯಾಸ ಮೊದಲೇ ಇದ್ದಿತು.

ಹೀಗೆ ನೋಡಿದರೆ ಮೊದಲನೆಯ ಪಕ್ಷದಲ್ಲಿಯೂ ಅರ್ಧ ಸತ್ಯವಿದೆ. 'ಬ್ಲ್ಯಾಕ್' ಎಂಬ ಗುಣವಾಚಕವು ಈ ಹೆಸರಿನ ಮೂಲವಲ್ಲ, ಅದನ್ನು ಎರಕಹೊಯ್ದ ಅಚ್ಚು. ಲೋಹ ಕನ್ನಡದ್ದು, ಅಚ್ಚು ಇಂಗ್ಲಿಷಿನದು. ಅಚ್ಚಿನ ಆಕಾರವನ್ನು ನೋಡಿ ಲೋಹವನ್ನು ನಿರ್ಣಯಿಸಿದುದು ಮೊದಲನೆಯವರ ತಪ್ಪು. ಅಚ್ಚೊಂದು ಇದ್ದಿತೆಂಬುದನ್ನೇ ಮರೆತು, ಬಿಳಿ ಅಕ್ಕಿಯು ತಾನೇ ತಾನಾಗಿ ಬ್ಲ್ಯಾಕ್ ಆಯಿತೆಂದುದು ಎರಡನೆಯವರ ತಪ್ಪು.

೭

ಇದುವರೆಗೆ ಹೇಳಿದುದರ ಸಾರಾಂಶವಿದು. ಪೂರ್ವಪದವು ಇಂಗ್ಲಿಷ್ ವರ್ಣವಾಚಕವೆಂಬ ಮತವು ಪದರಚನೆಗೆ ವಿರುದ್ಧ. ಅಂಕಿತನಾಮವೆಂಬ ಮತಕ್ಕೆ ನಾಡಿನ ಹೆಸರುಗಳ ಪದ್ಧತಿಯೇ ವಿರುದ್ಧ. ಮೊದಲ ಅಂಶದಲ್ಲಿ ಬಿಳಿ ಅಥವಾ ಬೆಳ್ ಎಂಬ ಕನ್ನಡ ಗುಣವಾಚಕವಿದೆಯೆಂಬುದು ಬಹುಮಟ್ಟಿಗೆ ಸಂಭವನೀಯ. ಅದಕ್ಕೆ ಸೇರಿದ ನಾಮಪದಗಳಲ್ಲಿ, ಹೆಚ್ಚು ಪ್ರಚಾರದಲ್ಲಿರುವ ಅಕ್ಕಿಯೇ ಎಲ್ಲಕ್ಕಿಂತ ದುರ್ಬಲ. ಬೆಳ್ಳಕ್ಕಿಗೆ ಅರ್ಥದ ಬಲವಿದೆ, ಬಿಳೆಕ್ಕಕ್ಕೆ ಸದೃಶವಾದ ಹೆಸರಿನ ಬಲವಿದೆ. ಇವೆರಡರ ನಡುವೆ ತೀರ್ಪುಕೊಡಲು ಧ್ವನಿಶಾಸ್ತ್ರವೊಂದೇ ಸಾಲದು. ದಂಡು ಬರುವುದಕ್ಕೆ ಹಿಂದಿನ ಕಡತವೊಂದರಲ್ಲಿ, ಜೋಡಿ ಇನಾಮುಗಳ ಲೆಕ್ಕದಲ್ಲಿ, ಅಥವಾ ಆ ಭಾಗದ ಹಳೆಯ ಕ್ರೈಸ್ತ ಕುಟುಂಬಗಳ ದೀಕ್ಷಾಸ್ನಾನದ ದಾಖಲೆಯಲ್ಲಿ ಈ ಊರಿನ ಹೆಸರು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಬರೆದಿರುವುದು ದೊರೆತರೆ, ಒಂದೇ ಒಂದು ಅಕ್ಷರದಿಂದ ವಿವಾದ ತೀರುತ್ತದೆ: ಕಕಾರದ ಮುಂದೆ ಇಕಾರವಿದ್ದರೆ ಹಕ್ಕಿ, ಅಕಾರವಿದ್ದರೆ ಎಕ್ಕ. ಅಂಥ ಪತ್ರಗಳನ್ನು ಕಾಪಾಡಿಕೊಂಡಿರುವವರು ಅವನ್ನು ಪ್ರಕಟಪಡಿಸಿದರೆ ಮಹೋಪಕಾರವಾಗುವುದು. ನನ್ನ ಊಹೆಯು ಅದರಿಂದ ತಪ್ಪೆಂದು ಸಿದ್ಧವಾದರೂ ಸಂತೋಷವೇ.

ಹೊಸ ಹೆಸರನ್ನು ತೆಗೆದು ಹಳೆಯದನ್ನು ಇಡಬೇಕೆಂಬುದು ಈ ಲೇಖನದ ಆಶಯವಲ್ಲ. ಹೆಸರಿನ ಪ್ರಯೋಗವು ಜನರ ಇಚ್ಛೆ. ಅದರ ಚರಿತ್ರೆಯು ಮಾತ್ರ ಯಾರ ಇಚ್ಛೆಗೂ ಒಳಪಟ್ಟುದಲ್ಲ. ಆಂಗ್ಲರು ಕೇಳಿದಂತೆ ಬರೆದ ಹೆಸರುಗಳು ದಂಡಿನಲ್ಲಿ ಇನ್ನೂ ಹಲವು ಇವೆ. ಬಡಾವಣೆಗಳು ಬೆಳೆದಂತೆ ಅವೂ ಒಂದೊಂದಾಗಿ ಮಾಸುತ್ತಿವೆ. ಪ್ರತಿಯೊಂದನ್ನೂ ಬೈಗುಳವೆಂದು ತಳ್ಳುವ ಮೊದಲು, ಅಥವಾ ನಮ್ಮದೆಂದು ಅಪ್ಪಿಕೊಳ್ಳುವ ಮೊದಲು, ಅದರ ಅಕ್ಷರಗಳನ್ನು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.